‘ಲೋಕಲ್ ನೀವೇ ನೋಡ್ಕೊಳ್ಳಿ’ ಅಂದರೆ ಎಷ್ಟು ಕೆಲಸ?

ಓದುಗರ ಪ್ರಶ್ನೆ: ನಮ್ಮದು ಗಂಗಾವತಿ ತಾಲೂಕಿನ ಹಳ್ಳಿ ಸರ್. ಬಿ.ಎ. ಮುಗಿಸಿ ಆರು ವರ್ಷದಿಂದ ಮದುವಿ, ಜವಳ, ಗೃಹಪ್ರವೇಶದ ವಿಡಿಯೋ ಮಾಡ್ತೀನಿ. ಸ್ವಂತ ಮಿರರ್‌ಲೆಸ್ ಕ್ಯಾಮೆರಾ, ಎರಡು ಲೆನ್ಸ್, ಗಿಂಬಲ್, ಸಣ್ಣದೊಂದು ಡ್ರೋನ್ ಅದಾವು. ಬರೋ ತಿಂಗಳು ಬೆಂಗಳೂರಿನ ಸೀರಿಯಲ್ ಟೀಮ್ ಒಂದು 8 ದಿನದ ಶೂಟಿಂಗಿಗೆ ಆನೆಗೊಂದಿ, ಸಾಣಾಪುರ ಕಡೆ ಬರ್ತಾ ಐತಿ, 55 ಜನ. ಅವರ ಮ್ಯಾನೇಜರ್ ಫೋನ್ ಮಾಡಿ, ‘ಲೋಕಲ್ ನೀವೇ ನೋಡ್ಕೊಳ್ಳಿ. ರೂಮು, ಗಾಡಿ, ಊಟ, ಪರ್ಮಿಷನ್, 40 ಜನ ಜೂನಿಯರ್ ಆರ್ಟಿಸ್ಟ್. ನಿಮ್ಮ ಕ್ಯಾಮೆರಾನೂ ಇರಲಿ, ಒಂದು ಎಕ್ಸ್‌ಟ್ರಾ ಆಂಗಲ್ ಇಡೋಣ. ಟೈಟಲ್‌ನಲ್ಲಿ ಅಸೋಸಿಯೇಟ್ ಅಂತ ಹೆಸರು ಹಾಕ್ತೀವಿ’ ಅಂದ್ರು. ದುಡ್ಡಿನ ಮಾತು ಬರಲಿಲ್ಲ. ‘ಡೈರೆಕ್ಟರ್ ಆಗಾಕ ಇದೇ ದಾರಿ, ಬಿಡಬ್ಯಾಡ’ ಅಂತಾನ ಗೆಳೆಯ. ‘ಟಿವಿಯವರು ದುಡ್ಡು ಕೊಡಂಗಿಲ್ಲ’ ಅಂತಾರ ನಮ್ಮ ಮಾವ. ಇನ್ನೊಂದು ಕಡೆ, 45,000 ಕಟ್ಟಿದರೆ ಮೂರು ತಿಂಗಳ ಕೋರ್ಸು, ಚಾನೆಲ್‌ನಲ್ಲಿ ಕೆಲಸ ಗ್ಯಾರಂಟಿ ಅಂತ ಒಂದು ಇನ್‌ಸ್ಟಿಟ್ಯೂಟ್‌ನವರು ಬೆನ್ನು ಹತ್ತ್ಯಾರ. ನನಗೆ ಕೊಡ್ತಿರೋದು ಯಾವ ಕೆಲಸ? ಒಪ್ಪಬೇಕೋ ಬ್ಯಾಡೋ?

ಉತ್ತರ: ನಿಮ್ಮ ಮುಂದಿಟ್ಟಿರುವುದು ಒಂದು ಕೆಲಸವಲ್ಲ, ನಾಲ್ಕು. ಲೋಕಲ್ ಕೋಆರ್ಡಿನೇಟರ್, ಲೊಕೇಶನ್ ಅನುಮತಿ ನೋಡುವವರು, ಗುಂಪಿನ ದೃಶ್ಯಕ್ಕೆ ಜನ ತರುವ ಜೂನಿಯರ್ ಆರ್ಟಿಸ್ಟ್ ಏಜೆಂಟ್, ಹೆಚ್ಚುವರಿ ಕ್ಯಾಮೆರಾಮನ್. ಬೆಂಗಳೂರಿನಲ್ಲಾದರೆ ಇದಕ್ಕೆ ನಾಲ್ಕು ಜನ, ನಾಲ್ಕು ಸಂಬಳ. ಮ್ಯಾನೇಜರ್ ಮೋಸಗಾರ ಅಂತ ನಾನು ಹೇಳುತ್ತಿಲ್ಲ. ಔಟ್‌ಡೋರ್ ಶೆಡ್ಯೂಲಿನ ಬಜೆಟ್ ಯಾವಾಗಲೂ ಬಿಗಿ, ಊರಲ್ಲಿ ಓಡಾಡುವ ಹುಡುಗ ಒಬ್ಬ ಸಿಕ್ಕರೆ ಎಲ್ಲವನ್ನೂ ಅವನ ಹೆಗಲಿಗೆ ಹಾಕುವುದು ರೂಢಿ. ತೊಂದರೆ ಎಲ್ಲಿ ಅಂದರೆ, ಈ ನಾಲ್ಕು ಕೆಲಸಕ್ಕೆ ಜವಾಬು ಕೇಳುವವರು ಬೇರೆ ಬೇರೆ, ಮತ್ತು ನಾಲ್ಕೂ ಕೆಲಸ ಬೆಳಿಗ್ಗೆ 6 ಗಂಟೆಗೇ ಶುರುವಾಗುತ್ತವೆ. ಕ್ಯಾಮೆರಾ ಹಿಡಿದು ಲೆವೆಲ್ ನೋಡುತ್ತಿರುವಾಗ ತಿಂಡಿ ಗಾಡಿ ಬಂದಿಲ್ಲ ಅಂತ ಫೋನ್ ಬಂದರೆ ನೀವು ಯಾವುದನ್ನು ಬಿಡುತ್ತೀರಿ?

ಮೊದಲು ಗೆಳೆಯನ ಮಾತು. ಸೀರಿಯಲ್ ತಂಡ ಒಂದೇ ಏಣಿ, ಕೆಳಗಿನ ಮೆಟ್ಟಿಲು ಹತ್ತಿದರೆ ಮೇಲೆ ಡೈರೆಕ್ಟರ್ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ತಂಡದಲ್ಲಿ ಕನಿಷ್ಠ ಮೂರು ಪ್ರತ್ಯೇಕ ಸಾಲುಗಳಿವೆ. ದುಡ್ಡು, ಜನ, ಊಟ, ಗಾಡಿಯದ್ದು ಪ್ರೊಡಕ್ಷನ್ ಸಾಲು: ಪ್ರೊಡಕ್ಷನ್ ಬಾಯ್, ಪ್ರೊಡಕ್ಷನ್ ಮ್ಯಾನೇಜರ್, ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್, ಕೊನೆಗೆ ನಿರ್ಮಾಪಕ. ಕಥೆ, ದೃಶ್ಯ, ಕಲಾವಿದರದ್ದು ಡೈರೆಕ್ಷನ್ ಸಾಲು: ಅಸಿಸ್ಟೆಂಟ್, ಅಸೋಸಿಯೇಟ್, ಎಪಿಸೋಡ್ ಡೈರೆಕ್ಟರ್, ಡೈರೆಕ್ಟರ್. ಮೂರನೆಯದು ತಂತ್ರಜ್ಞರದ್ದು: ಛಾಯಾಗ್ರಾಹಕ, ಕ್ಯಾಮೆರಾ ಅಸಿಸ್ಟೆಂಟ್, ಲೈಟ್‌ಮ್ಯಾನ್, ಸೌಂಡ್, ಎಡಿಟರ್. ಕಲೆ, ಮೇಕಪ್, ಕಾಸ್ಟ್ಯೂಮ್ ಬೇರೆ ಇವೆ. ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರಿದವರು ಇಲ್ಲವೆಂದಲ್ಲ, ಆದರೆ ರೂಮು, ಗಾಡಿ ನೋಡಿಕೊಂಡವನು ಆ ಸಾಲಿನಲ್ಲೇ ಮೇಲೇರಿ ಒಳ್ಳೆಯ ಮ್ಯಾನೇಜರ್ ಆಗುವುದು ಸಹಜ. ನಿರ್ದೇಶಕ ಆಗುವುದು ಅಪರೂಪ. ನಿಮಗೆ ಬಂದಿರುವ ಕರೆ ಪ್ರೊಡಕ್ಷನ್ ಸಾಲಿನದ್ದು.

ಹಾಗಾದರೆ ‘ಅಸೋಸಿಯೇಟ್’ ಅಂತ ಹೆಸರು ಹಾಕುತ್ತೇವೆ ಅಂದಿದ್ದು? ಅಸೋಸಿಯೇಟ್ ಅಂದರೆ ನಿರ್ದೇಶಕರ ಬಲಗೈ. ನಾಳೆ ಯಾವ ದೃಶ್ಯ ಮೊದಲು, ಯಾವ ಕಲಾವಿದರ ಕಾಲ್‌ಶೀಟ್ ಎಷ್ಟು ಗಂಟೆಗೆ, ನಿರ್ದೇಶಕರು ಇಲ್ಲದಾಗ ಪ್ಯಾಚ್ ಶಾಟ್ (ಬಿಟ್ಟುಹೋದ ತುಣುಕು) ತೆಗೆಯುವುದು, ಇವೆಲ್ಲ ಅವರ ತಲೆಮೇಲೆ. ಆ ಕೆಲಸ ಮಾಡದವರಿಗೆ ಆ ಹೆಸರು ಕೊಟ್ಟರೆ ಅದರಿಂದ ಏನೂ ಆಗದು. ಮುಂದೆ ಇನ್ನೊಂದು ತಂಡದವರು ‘ಕಂಟಿನ್ಯುಯಿಟಿ ನೋಡಿದ್ದೀರಾ? ಸೀನ್ ಬ್ರೇಕ್‌ಡೌನ್ ಬರುತ್ತಾ?’ ಅಂತ ಕೇಳಿದ ತಕ್ಷಣ ಗೊತ್ತಾಗಿಬಿಡುತ್ತದೆ. ಕಂಟಿನ್ಯುಯಿಟಿ ಅಂದರೆ ಶಾಟಿನಿಂದ ಶಾಟಿಗೆ ಎಲ್ಲವೂ ಹೊಂದುವಂತೆ ನೋಡುವುದು, ಬ್ರೇಕ್‌ಡೌನ್ ಅಂದರೆ ಒಂದು ದೃಶ್ಯಕ್ಕೆ ಯಾರ್ಯಾರು, ಏನೇನು ಬೇಕು ಅನ್ನುವ ಪಟ್ಟಿ. ದಿನದ ಸೀರಿಯಲ್‌ನಲ್ಲಿ ಕೊನೆಯ ಹೆಸರುಗಳ ಪಟ್ಟಿ ಎಷ್ಟು ವೇಗವಾಗಿ ಓಡುತ್ತದೆ ಅಂತ ನೀವೂ ನೋಡಿರುತ್ತೀರಿ. ಸಂಬಳದ ಬದಲು ಹೆಸರು ಅನ್ನುವ ವ್ಯವಹಾರಕ್ಕೆ ಬೀಳಬೇಡಿ.

ಡೈರೆಕ್ಷನ್ ಸಾಲಿನ ಕೆಲಸ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ, ಆಸಕ್ತಿ ಇದೆಯೋ ಇಲ್ಲವೋ ನೀವೇ ತೂಗಿ ನೋಡಿ. ಸೊಸೆ ಬುತ್ತಿ ಹಿಡಿದು ಗದ್ದೆಯ ಬದುವಿನ ಮೇಲೆ ನಡೆದು ಬಂದು ಮನೆಯೊಳಗೆ ಕಾಲಿಡುತ್ತಾಳೆ. ಗದ್ದೆ, ಮನೆಯ ಹೊರಬಾಗಿಲು ಆನೆಗೊಂದಿಯಲ್ಲಿ. ಪಡಸಾಲೆ ಬೆಂಗಳೂರಿನ ಶೂಟಿಂಗ್ ಮನೆಯಲ್ಲಿ, ಎರಡು ವಾರದ ನಂತರ. ಟಿವಿಯಲ್ಲಿ ಎರಡರ ನಡುವೆ ಒಂದು ಸೆಕೆಂಡೂ ಇಲ್ಲ. ಬುತ್ತಿ ಯಾವ ಕೈಯಲ್ಲಿತ್ತು, ಸೆರಗು ಯಾವ ಹೆಗಲ ಮೇಲೆ, ತಾಳಿ ಸೀರೆಯ ಹೊರಗೋ ಒಳಗೋ, ಪಾದಕ್ಕೆ ಕೆಸರು ಹರಡಿನವರೆಗೋ ಹೆಬ್ಬೆರಳಿಗಷ್ಟೋ, ಬಳೆ ಎಷ್ಟು, ಹೊಸ್ತಿಲಿಗೆ ಮೊದಲಿಟ್ಟದ್ದು ಬಲಗಾಲೋ ಎಡಗಾಲೋ: ಇದನ್ನೆಲ್ಲ ಅಸಿಸ್ಟೆಂಟ್ ಡೈರೆಕ್ಟರ್ ಶಾಟ್ ಮುಗಿದ ಕೂಡಲೇ ಮುಂದೆ, ಹಿಂದೆ, ಪಕ್ಕದಿಂದ ಮೊಬೈಲ್‌ನಲ್ಲಿ ಫೋಟೋ ಹೊಡೆದು, ಸೀನ್ ನಂಬರ್ ಬರೆದು ಇಟ್ಟುಕೊಳ್ಳಬೇಕು. ಜೊತೆಗೆ ಕ್ಲಾಪ್ ಹೊಡೆಯಬೇಕು. ಕಲಾವಿದರಿಗೆ ಸಂಭಾಷಣೆ ಪ್ರಾಂಪ್ಟ್ ಮಾಡಬೇಕು. ಪ್ರಾಂಪ್ಟಿನ ದನಿ ನಟಿಯ ಮಾತಿನ ಮೇಲೆ ಬಿದ್ದರೆ ಎಡಿಟಿಂಗ್‌ನಲ್ಲಿ ಅದನ್ನು ತೆಗೆಯಲಾಗದು, ಆದ್ದರಿಂದ ಸಾಲು ಹೇಳಿ, ಬಾಯಿ ಮುಚ್ಚಿ, ಅವಳು ಮುಗಿಸಿದ ಮೇಲೆ ಮುಂದಿನ ಸಾಲು. ಅರ್ಧ ಗಂಟೆಯ ಎಪಿಸೋಡ್‌ನಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷದ ದೃಶ್ಯ ಬೇಕು, ದಿನವೊಂದಕ್ಕೆ ಅಷ್ಟನ್ನಾದರೂ ತೆಗೆಯಲೇಬೇಕು ಅನ್ನುವ ಒತ್ತಡದಲ್ಲಿ ಇದೆಲ್ಲ ನಡೆಯುತ್ತದೆ.

ನಿಮ್ಮ ಭಾಗದಲ್ಲಿ ಇನ್ನೊಂದು ಪೇಚು ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ತಕ್ಕಂತೆ ಗದ್ದೆಯ ಬಣ್ಣ. ಹಸಿರು ಪೈರಿನಲ್ಲಿ ತೆಗೆದ ದೃಶ್ಯಕ್ಕೆ ‘ಎರಡು ತಿಂಗಳು ಬಿಟ್ಟು ಬಂದು ಉಳಿದದ್ದು ತೆಗೀತೀವಿ’ ಅಂದರೆ ಅಷ್ಟರಲ್ಲಿ ಭತ್ತ ಹಣ್ಣಾಗಿರುತ್ತದೆ, ಇಲ್ಲವೇ ಕೊಯ್ದು ಕೂಳೆ ನಿಂತಿರುತ್ತದೆ. ಬೆಂಗಳೂರಿನಿಂದ ಬಂದವರಿಗೆ ಇದು ಹೊಳೆಯುವುದಿಲ್ಲ. ನಾಟಿ ಯಾವಾಗ, ಕೊಯ್ಲಿನ ಮಷೀನು ಊರಿಗೆ ಯಾವಾಗ ಬರುತ್ತದೆ ಅಂತ ಹೇಳುವವರು ನೀವು. ಲೋಕಲ್ ಮನುಷ್ಯನ ನಿಜವಾದ ಬೆಲೆ ಇಂಥ ಮಾಹಿತಿಯಲ್ಲಿದೆ, ರೂಮು ಬುಕ್ ಮಾಡುವುದರಲ್ಲಿ ಅಲ್ಲ. ಅಂದಹಾಗೆ, 1975ರ ಉಪಗ್ರಹ ಪ್ರಯೋಗದಲ್ಲಿ ಟಿವಿ ಬಂದ ಜಿಲ್ಲೆಗಳಲ್ಲಿ ಅಂದಿನ ರಾಯಚೂರೂ ಒಂದು, ಕೊಪ್ಪಳ ಆಗ ಅದರೊಳಗೇ ಇತ್ತು. ಇಲ್ಲಿನವರು ಟಿವಿ ನೋಡತೊಡಗಿ ಅಷ್ಟು ಕಾಲವಾಯಿತು. ಟಿವಿ ಮಾಡುವವರು ಮಾತ್ರ ಇಂದಿಗೂ ಹೊರಗಿನಿಂದಲೇ ಬರುತ್ತಾರೆ.

ಈಗ ಅನುಮತಿ. ‘ಪರ್ಮಿಷನ್ ನೋಡ್ಕೊಳ್ಳಿ’ ಅನ್ನುವ ಎರಡು ಶಬ್ದದೊಳಗೆ ಇಡೀ ಶೆಡ್ಯೂಲ್ ನಿಂತುಹೋಗುವಷ್ಟು ಅಪಾಯವಿದೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅದನ್ನು ನೋಡಿಕೊಳ್ಳಲು 2002ರ ಕಾಯ್ದೆಯಡಿ ರಚಿಸಿದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ ನದಿ ದಾಟಿ ಆನೆಗೊಂದಿ ಕಡೆಗೂ ಇದೆ. ‘ನಾವು ಹಂಪಿಗೆ ಹೋಗುತ್ತಿಲ್ಲವಲ್ಲ’ ಅನ್ನುವ ಸಮಾಧಾನ ಸುಳ್ಳು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ, ರಾಜ್ಯದ ರಕ್ಷಣೆಯಲ್ಲಿರುವುದಕ್ಕೆ ರಾಜ್ಯ ಪುರಾತತ್ವ ಇಲಾಖೆಯದ್ದು, ದೇವಸ್ಥಾನದೊಳಗಾದರೆ ಅದರ ಆಡಳಿತದ್ದು, ಸಾಣಾಪುರ ಕೆರೆ ದಂಡೆಯಲ್ಲಾದರೆ ನೀರಾವರಿ ಇಲಾಖೆಯದ್ದು, ರಸ್ತೆ ತಡೆಯುವುದಾದರೆ ಪೊಲೀಸರದ್ದು. ಖಾಸಗಿ ಗದ್ದೆಗೆ ರೈತನ ಸಹಿ ಇರುವ ಚೀಟಿ, ಪೈರು ತುಳಿದರೆ ಪರಿಹಾರ ಎಷ್ಟು ಅಂತ ಮೊದಲೇ ಬರೆದದ್ದು. ಇಷ್ಟಕ್ಕೂ ಅರ್ಜಿ ಹಾಕಬೇಕಾದವರು ನಿರ್ಮಾಣ ಸಂಸ್ಥೆ, ಅವರ ಲೆಟರ್‌ಹೆಡ್‌ನಲ್ಲಿ, ಅವರ ಸಹಿಯಲ್ಲಿ. ನೀವು ಅರ್ಜಿ ಹಿಡಿದು ಕಚೇರಿಗೆ ಅಲೆಯಿರಿ, ತೊಂದರೆಯಿಲ್ಲ. ಅರ್ಜಿದಾರನ ಜಾಗದಲ್ಲಿ ನಿಮ್ಮ ಹೆಸರು ಬೇಡ. ಕಲ್ಲಿಗೆ ಮೊಳೆ ಹೊಡೆದರು, ಟ್ರಾಲಿ ಎಳೆದು ಗೋಡೆ ತರಚಿತು ಅಂತ ಕೇಸಾದರೆ ಅವರು ಬೆಂಗಳೂರಿನಲ್ಲಿರುತ್ತಾರೆ, ನೀವು ಗಂಗಾವತಿಯಲ್ಲಿ.

ನಿಮ್ಮ ಡ್ರೋನ್ ಬಗ್ಗೆಯೂ ಇದೇ ಮಾತು. ಮದುವೆಯಲ್ಲಿ ಹಾರಿಸಿದ ಧೈರ್ಯದಲ್ಲಿ ಇಲ್ಲಿ ಹಾರಿಸಬೇಡಿ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂಗಿಂತ ಹೆಚ್ಚು, 2 ಕೆ.ಜಿ.ವರೆಗಿನದು ಮೈಕ್ರೋ ವರ್ಗ. ಅದಕ್ಕೆ ನೋಂದಣಿ ಸಂಖ್ಯೆ ಬೇಕು, ವ್ಯಾಪಾರಕ್ಕೆ ಬಳಸಿದರೆ ಪೈಲಟ್ ಪ್ರಮಾಣಪತ್ರವೂ ಬೇಕು. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ಅಂತ ನೋಡಿ. ಸ್ಮಾರಕ ಮತ್ತು ಅಣೆಕಟ್ಟಿನ ಸುತ್ತ ಹಾರಿಸುವ ಮಾತೇ ಬೇಡ.

ನದಿಯಲ್ಲಿ ಹರಗೋಲಿನ ದೃಶ್ಯ ಇದ್ದೇ ಇರುತ್ತದೆ, ಆನೆಗೊಂದಿಗೆ ಬಂದವರು ಅದನ್ನು ಬಿಟ್ಟು ಹೋಗುವುದಿಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನ ಗೇಟು ತೆರೆದರೆ ಕೆಲವೇ ಗಂಟೆಗಳಲ್ಲಿ ಇಲ್ಲಿ ನೀರೇರುತ್ತದೆ, ನವವೃಂದಾವನ ಗಡ್ಡೆಯ ಸಂಪರ್ಕವೇ ಕಡಿದುಹೋಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಡ್ಯಾಮಿನ ಹೊರಹರಿವು ನೋಡಿ ಪ್ರೊಡಕ್ಷನ್ ಮ್ಯಾನೇಜರ್‌ಗೆ ಹೇಳುವುದು ಲೋಕಲ್ ಮನುಷ್ಯನ ಮೊದಲ ಕೆಲಸವಾಗಲಿ. ಹರಗೋಲಿನಲ್ಲಿ ಕೂತ ಎಲ್ಲರಿಗೂ ಲೈಫ್ ಜಾಕೆಟ್, ಕ್ಯಾಮೆರಾದವರಿಗೂ ಸೇರಿ. ‘ಶಾಟಲ್ಲಿ ಕಾಣುತ್ತೆ’ ಅಂದರೆ ಸೀರೆಯ ಒಳಗೆ ತೆಳ್ಳನೆಯದು ಹಾಕಿಸಿ, ಅದೂ ಬೇಡ ಅಂದರೆ ದಡದ ಹತ್ತಿರ ಮೊಣಕಾಲುದ್ದ ನೀರಲ್ಲಿ ತೆಗೆಯಲಿ. ಬಂಡೆಯಿಂದ ನೀರಿಗೆ ಜಿಗಿಯುವ ಶಾಟ್ ಇದ್ದರೆ ಒಪ್ಪಲೇಬೇಡಿ. ಮೇಲೆ ತಣ್ಣಗೆ ಕಂಡರೂ ಬಂಡೆಗಳ ಸಂದಿಯಲ್ಲಿ ಸೆಳೆತ ಎಷ್ಟಿದೆ ಅಂತ ಹರಗೋಲಿನವರಿಗೆ ಕೇಳಿ ನೋಡಿ.

ಕರೆಂಟಿನ ವಿಷಯ ಸಣ್ಣದಾಗಿ ಕಂಡರೂ ಜಗಳ ಹೆಚ್ಚು ಹುಟ್ಟುವುದು ಅಲ್ಲೇ. 4 ಕಿಲೋವ್ಯಾಟಿನ ಒಂದು ಲೈಟು, 2.5ರ ಎರಡು ಅಂದರೆ ಬರೀ ಬೆಳಕಿಗೆ 9 ಕಿಲೋವ್ಯಾಟ್ ಆಯಿತು. ಹಳ್ಳಿ ಮನೆಯ 16 ಆಂಪಿಯರ್ ಸಾಕೆಟ್ ತಡೆಯುವುದು ಹೆಚ್ಚೆಂದರೆ ಮೂರೂವರೆ. ಲೈಟ್‌ಮ್ಯಾನ್‌ಗಳಲ್ಲಿ ಕೆಲವರು ನೇರ ಕಂಬಕ್ಕೆ ಕೊಕ್ಕೆ ಹಾಕಲು ನೋಡುತ್ತಾರೆ. ಅದು ವಿದ್ಯುತ್ ಕಳವು, ಮೇಲಾಗಿ ಇಡೀ ಓಣಿಯ ವೋಲ್ಟೇಜ್ ಬಿದ್ದು ಜನ ರೇಗುತ್ತಾರೆ. ಒಂದೋ ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ, ಇಲ್ಲವೇ ಜನರೇಟರ್ ಗಾಡಿ. ಜನರೇಟರನ್ನು ಗಾಳಿ ಬೀಸಿ ಹೋಗುವ ದಿಕ್ಕಿಗೆ, ಗೋಡೆಯ ಮರೆಗೆ, ದೂರ ನಿಲ್ಲಿಸಬೇಕು, ಅಷ್ಟುದ್ದದ ಕೇಬಲ್ ಇದೆಯಾ ಅಂತ ಮೊದಲೇ ಕೇಳಿ. ಪಕ್ಕದ ಹೊಲದ ಪಂಪ್‌ಸೆಟ್‌ಗೆ ತ್ರೀಫೇಸ್ ಎಷ್ಟು ಗಂಟೆಗೆ ಬರುತ್ತದೆ ಅಂತ ಸೌಂಡಿನವರಿಗೆ ಹೇಳಿಟ್ಟರೆ ಅವರು ನಿಮ್ಮನ್ನು ಮರೆಯುವುದಿಲ್ಲ.

ಜೂನಿಯರ್ ಆರ್ಟಿಸ್ಟ್ ತರುವುದಕ್ಕೆ ಹೆಸರು, ಫೋನ್, ಸಹಿ, ಕೊಟ್ಟ ಹಣ ಇರುವ ಪಟ್ಟಿ ಸಾಕು. ಹಣ ಅದೇ ಸಂಜೆ ಅವರ ಕೈಗೆ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಎಲ್ಲಿ ಅಂತ ಹಿಂದಿನ ದಿನವೇ ತೋರಿಸಿಕೊಳ್ಳಿ. ಮಕ್ಕಳಿದ್ದರೆ ಮಾತ್ರ ಲೆಕ್ಕ ಬೇರೆ. ಬಾಲಕಾರ್ಮಿಕ ನಿಯಮದ ಪ್ರಕಾರ ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಮಗುವನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಅದರ ಗಳಿಕೆಯ ಕನಿಷ್ಠ 20 ಶೇಕಡ ಮಗುವಿನ ಹೆಸರಲ್ಲಿ ಠೇವಣಿ ಆಗಬೇಕು. ‘ಊರ ಹುಡುಗರು, ಸುಮ್ಮನೆ ಹಿಂದೆ ಆಡಿಕೊಂಡಿರಲಿ’ ಅಂದರೂ ಈ ಕಾಗದ ಕೇಳಿ.

ಇನ್ನು ನಿಮ್ಮ ಕ್ಯಾಮೆರಾ. ಇದನ್ನು ನಾನಾದರೆ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ. ನಿಮ್ಮ ಕೈಚಳಕದ ಮೇಲೆ ನನಗೆ ಅನುಮಾನವಿಲ್ಲ, ಹಾಗನ್ನಲು ಕಾರಣ ತಾಂತ್ರಿಕ. ಮದುವೆಯವರು ಸಾಮಾನ್ಯವಾಗಿ ಸೆಕೆಂಡಿಗೆ 30 ಅಥವಾ 60 ಫ್ರೇಮಿನಲ್ಲಿ, ಬಣ್ಣವನ್ನು ಕ್ಯಾಮೆರಾವೇ ಹೊಂದಿಸಿಕೊಳ್ಳುವ ಆಟೋ ವೈಟ್‌ಬ್ಯಾಲೆನ್ಸ್‌ನಲ್ಲಿ ತೆಗೆಯುತ್ತಾರೆ. ನಮ್ಮ ಟಿವಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ 1/60 ಇಟ್ಟರೆ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಚಿತ್ರ ಮಿಣುಕುತ್ತದೆ. 30ರ ಫ್ರೇಮನ್ನು 25ಕ್ಕೆ ಇಳಿಸಿದರೆ ನಡಿಗೆ ಜರ್ಕ್ ಹೊಡೆಯುತ್ತದೆ. ಅವರ ಮುಖ್ಯ ಕ್ಯಾಮೆರಾದ ಬಣ್ಣಕ್ಕೆ ನಿಮ್ಮದು ಹೊಂದದಿದ್ದರೆ ಎಡಿಟರ್ ನಿಮ್ಮ ಶಾಟ್ ಕೈಬಿಡುತ್ತಾನೆ, ನಿಮಗೆ ಅದು ತಿಳಿಯುವುದೂ ಇಲ್ಲ. 40 ಡಿಗ್ರಿ ಬಿಸಿಲಲ್ಲಿ 4ಕೆ ಓಡಿಸಿದರೆ ಚಿಕ್ಕ ಕ್ಯಾಮೆರಾ ಕಾದು ಆಫ್ ಆಗುವ ಸಂಭವ ಬೇರೆ. ಆದರೂ ಒಯ್ಯುವುದಾದರೆ ಮೂರು ಷರತ್ತು: ಛಾಯಾಗ್ರಾಹಕರೇ ಕೂತು ಸೆಟ್ಟಿಂಗ್ ಹೇಳಬೇಕು, ಕ್ಯಾಮೆರಾದ ಬಾಡಿಗೆ ಹಣ ನಿಮ್ಮ ಕೂಲಿಗಿಂತ ಬೇರೆ ಆಗಬೇಕು, ಕೆಟ್ಟರೆ ಅಥವಾ ನೀರಿಗೆ ಬಿದ್ದರೆ ಖರ್ಚು ಯಾರದ್ದು ಅಂತ ಬರವಣಿಗೆಯಲ್ಲಿರಬೇಕು.

ಕ್ಯಾಮೆರಾ ಸಾಲಿಗೆ ಸೇರುವ ಆಸೆ ನಿಜವಿದ್ದರೆ ಕ್ಯಾಮೆರಾ ಹಿಡಿಯುವುದಕ್ಕಿಂತ ಡೇಟಾ ಕೆಲಸ ಕೇಳಿ. ಮದುವೆ ವಿಡಿಯೋದವರಿಗೆ ಕಾರ್ಡು, ಹಾರ್ಡ್‌ಡಿಸ್ಕಿನ ಅಭ್ಯಾಸ ಮೊದಲೇ ಇರುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಗಂಟೆಗೆ 45 ಜಿ.ಬಿ. ಮೂರು ಕ್ಯಾಮೆರಾ ತಲಾ 4 ಗಂಟೆ ಓಡಿದರೆ 540 ಜಿ.ಬಿ. ಅದನ್ನು ಎರಡು ಬೇರೆ ಡಿಸ್ಕಿಗೆ ನಕಲು ಮಾಡಿ, ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯೇ ಅಂತ ತಿಳಿಸುವ ಸಂಖ್ಯೆ) ತಾಳೆ ನೋಡಿ, ಎರಡು ಡಿಸ್ಕನ್ನೂ ಬೇರೆ ಬೇರೆ ಗಾಡಿಯಲ್ಲಿ ಕಳಿಸಬೇಕು. ಸಾಧಾರಣ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 110 ಎಂ.ಬಿ. ಬರೆದರೆ ಒಂದು ನಕಲಿಗೇ ಒಂದು ಗಂಟೆ ಇಪ್ಪತ್ತು ನಿಮಿಷ, ತಾಳೆ ನೋಡಲು ಮತ್ತೆ ಹೆಚ್ಚುಕಮ್ಮಿ ಅಷ್ಟೇ. ತುಂಬಿದ ಕಾರ್ಡಿಗೆ ಕೆಂಪು ಟೇಪು, ಎರಡನೇ ನಕಲಿನ ತಾಳೆ ಮುಗಿದ ಮೇಲಷ್ಟೇ ಟೇಪು ಬಿಚ್ಚುವುದು. ‘ಕಾರ್ಡ್ ಬೇಕು, ಬೇಗ ಫಾರ್ಮ್ಯಾಟ್ ಮಾಡು’ ಅಂತ ಯಾರು ಕೂಗಿದರೂ ಟೇಪಿರುವ ಕಾರ್ಡ್ ಮುಟ್ಟಬಾರದು. ಇಡೀ ದಿನ 55 ಜನ ದುಡಿದದ್ದು ಆ ಹೆಬ್ಬೆರಳಗಲದ ಕಾರ್ಡಿನಲ್ಲಿರುತ್ತದೆ. ಈ ಕೆಲಸ ಶುದ್ಧವಾಗಿ ಮಾಡುವವನನ್ನು ಛಾಯಾಗ್ರಾಹಕರು ಮತ್ತೆ ಕರೆಯುತ್ತಾರೆ, ಅಲ್ಲಿಂದ ಫೋಕಸ್ ನೋಡುವ ಕೆಲಸ, ಆಮೇಲೆ ಕ್ಯಾಮೆರಾ ಆಪರೇಟಿಂಗ್.

ನಿಮ್ಮ ಮಾವ ಹೇಳಿದ್ದು ಅರ್ಧ ಸರಿ. ಚಾನೆಲ್ ನಿರ್ಮಾಪಕರಿಗೆ ಎಪಿಸೋಡ್ ಲೆಕ್ಕದಲ್ಲಿ ಹಣ ಕೊಡುತ್ತದೆ, ಅದೂ ಪ್ರಸಾರವಾಗಿ ಎರಡು-ಮೂರು ತಿಂಗಳಿಗೆ. ಅಲ್ಲಿಯವರೆಗೆ ನಿರ್ಮಾಪಕರು ಸಾಲದಲ್ಲಿ ಓಡಿಸುತ್ತಿರುತ್ತಾರೆ, ಕೈ ಬಿಗಿಯಾದಾಗ ಕೊನೆಗೆ ಬರುವುದು ಊರ ಬಾಕಿ. ಲೆಕ್ಕ ಹಾಕಿ: 55 ಜನ, ಮೂರು ಹೊತ್ತು, 8 ದಿನ ಅಂದರೆ 1,320 ಊಟ-ತಿಂಡಿ. ತಲಾ ಸರಾಸರಿ 120 ರೂಪಾಯಿ ಹಿಡಿದರೂ 1,58,400. ರೂಮು, ಗಾಡಿ ಸೇರಿದರೆ ಇನ್ನೆಷ್ಟೋ. ಖಾನಾವಳಿಯವರು ನಿಮ್ಮ ಮುಖ ನೋಡಿ ಉದ್ದರಿ ಕೊಡುತ್ತಾರೆ, ಟೀಮ್ ಹೋದ ಮೇಲೆ ನಿಮ್ಮ ಮನೆಗೇ ಬರುತ್ತಾರೆ. ಇಂಥ ವ್ಯವಹಾರದಲ್ಲಿ ಊರಿನ ಹುಡುಗರು ಸಾಲಕ್ಕೆ ಬೀಳುವುದು ಕೂಲಿ ಸಿಗದೆ ಅಲ್ಲ, ಬೇರೆಯವರ ಬಿಲ್ಲಿಗೆ ಜಾಮೀನು ನಿಂತು.

ಆದ್ದರಿಂದ ಒಪ್ಪುವುದಾದರೆ ಲೋಕಲ್ ಕೋಆರ್ಡಿನೇಟರ್ ಕೆಲಸ ಒಂದನ್ನೇ ಒಪ್ಪಿ, ದಿನಗೂಲಿಗೆ. ಶೂಟಿಂಗ್‌ಗೆ ಮುಂಚೆ ಓಡಾಡುವ ದಿನಗಳೂ ಲೆಕ್ಕಕ್ಕೆ ಬರಲಿ. ಹೋಟೆಲ್, ಗಾಡಿ, ಊಟದ ಬಿಲ್ಲು ಸಂಸ್ಥೆಯ ಹೆಸರಿಗೆ, ಮುಂಗಡ ಅವರಿಂದ ನೇರವಾಗಿ ಅಂಗಡಿಯವರ ಖಾತೆಗೆ. ನಿಮ್ಮ ಕೈಯಲ್ಲಿ ಚಿಲ್ಲರೆ ಖರ್ಚಿನ ಹಣ ಮಾತ್ರ, ಅದು ಅರ್ಧ ಖರ್ಚಾದ ಕೂಡಲೇ ಲೆಕ್ಕ ಕೊಟ್ಟು ತುಂಬಿಸಿಕೊಳ್ಳಿ. ನಿಮ್ಮ ಕೂಲಿಯಲ್ಲಿ ಅರ್ಧ ಮೊದಲ ದಿನ, ಉಳಿದದ್ದು ಕೊನೆಯ ದಿನ ಪ್ಯಾಕಪ್‌ಗೆ ಮುಂಚೆ. ಪ್ಯಾಕಪ್ ಆದ ಮೇಲೆ ಅಂದರೆ ಬಸ್ಸು ಗಂಗಾವತಿ ದಾಟಿರುತ್ತದೆ. ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿಯುತ್ತೇವೆ ಅಂದರೆ ಗಾಬರಿ ಬೇಡ, ಪ್ಯಾನ್ ಕೊಡಿ, ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಸಿಗುತ್ತದೆ. ಇದೆಲ್ಲ ಒಪ್ಪಿ ಅವರ ಇಮೇಲ್‌ನಿಂದ ಒಂದು ವರ್ಕ್ ಆರ್ಡರ್ ಬರಲಿ. ವಾಟ್ಸ್‌ಆ್ಯಪ್‌ನ ‘ಓಕೆ ಬ್ರೋ’ ವರ್ಕ್ ಆರ್ಡರ್ ಅಲ್ಲ. ಇಷ್ಟಕ್ಕೆ ಒಪ್ಪದ ಮ್ಯಾನೇಜರ್ ಇದ್ದರೆ ಆ 8 ದಿನ ನೀವು ಮದುವೆ ವಿಡಿಯೋ ಮಾಡುವುದೇ ಲಾಭ.

ಡೈರೆಕ್ಷನ್ ಸಾಲೇ ಬೇಕು ಅನ್ನಿಸಿದರೆ ಬೆಂಗಳೂರಿಗೆ ಹೋಗಲೇಬೇಕು. ಮೊದಲ ವರ್ಷ ಸಿಗುವ ಹಣದಲ್ಲಿ ಅಲ್ಲಿ ಬಾಡಿಗೆ ಕಟ್ಟಿ ಬದುಕುವುದು ಕಷ್ಟ, ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಹೋಗಿ. ಈ 8 ದಿನದಲ್ಲಿ ಅವರ ಅಸಿಸ್ಟೆಂಟ್‌ಗಳ ಕಂಟಿನ್ಯುಯಿಟಿ ಶೀಟ್ ಹೇಗಿರುತ್ತದೆ ಅಂತ ನೋಡಿಕೊಳ್ಳಿ, ಅದು ನಿಮಗೆ ಬೇಸರ ತರಿಸಿದರೆ ಉತ್ತರ ಅಲ್ಲೇ ಸಿಕ್ಕಂತೆ. ಯೂನಿಯನ್ ಕಾರ್ಡ್ ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ಮಧ್ಯವರ್ತಿ ಹಣ ಕೇಳಿದರೆ ಕೊಡಬೇಡಿ. ಸದಸ್ಯತ್ವದ ಹಣ ಕಟ್ಟುವುದು ಸಂಘದ ಕಚೇರಿಯಲ್ಲಿ, ರಸೀದಿ ಪಡೆದು.

45,000ದ ಕೋರ್ಸಿನ ವಿಷಯ: ಕೆಲಸದ ಗ್ಯಾರಂಟಿ ಕೊಡುವ ಅಧಿಕಾರ ಯಾವ ಇನ್‌ಸ್ಟಿಟ್ಯೂಟ್‌ಗೂ ಇಲ್ಲ, ಸೀರಿಯಲ್ ತಂಡಕ್ಕೆ ಜನರನ್ನು ಸೇರಿಸಿಕೊಳ್ಳುವುದು ಚಾನೆಲ್ ಅಲ್ಲ, ನಿರ್ಮಾಣ ಸಂಸ್ಥೆ. ಹಾಗೆಂದು ಕಲಿಕೆಯೇ ದಂಡ ಅನ್ನಲಾರೆ. ಪದವಿ ಮುಗಿದಿರುವುದರಿಂದ ಪುಣೆಯ ಎಫ್‌ಟಿಐಐನ (ಕೇಂದ್ರ ಸರ್ಕಾರದ ಫಿಲ್ಮ್ ಆ್ಯಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್) ಟಿವಿ ವಿಭಾಗಕ್ಕೆ ನೀವು ಪ್ರವೇಶ ಪರೀಕ್ಷೆ ಬರೆಯಬಹುದು. ಅಲ್ಲಿ ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಸೌಂಡ್‌ಗೆ ಒಂದು ವರ್ಷದ ಕೋರ್ಸುಗಳಿವೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಫಿಲ್ಮ್ ಆ್ಯಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಇದೆ. ನಿಮ್ಮ ಬೆನ್ನು ಹತ್ತಿದವರನ್ನು ಎರಡೇ ಪ್ರಶ್ನೆ ಕೇಳಿ: ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಉಪಕರಣ ಕೈಗೆ ಸಿಗುತ್ತದೆ, ಮತ್ತು ಹಿಂದಿನ ಬ್ಯಾಚಿನ ಐದು ಜನ ಈಗ ಯಾವ ತಂಡದಲ್ಲಿ ಯಾವ ಕೆಲಸದಲ್ಲಿದ್ದಾರೆ. ಆ ಐದು ಜನರಿಗೆ ನೀವೇ ಫೋನ್ ಮಾಡಿ ಮಾತಾಡಿದ ಮೇಲೆ ದುಡ್ಡಿನ ವಿಚಾರ ನೋಡಿ.